ಪಿನೊ ಬ್ರಿಸ್ಬೇನ್‌ನಲ್ಲಿದ್ದಾನೆ

ಇಟಲಿಯ ಅಪರಾಧಿ ಕುಟುಂಬಗಳ ಮೌನದ ಬಗ್ಗೆ ಎಲ್ಲರಿಗೂ ಎಲ್ಲವೂ ಗೊತ್ತಿದೆ. ಗೊತ್ತಿಲ್ಲದವನು ನಾನೊಬ್ಬನೇ ಎಂದು ಈಚೆಗೆ ಒಂದು ಶನಿವಾರ, ಪರ್ತ್‌ನ ವಿಲೆಟನ್ನಿನಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ತೀರ್ಮಾನವಾಯಿತು. ನನ್ನ ಅಳಿಯ ಸತೀಶ ಗಣಿ ಕಂಪನಿಯ ಭೂವಿಜ್ಞಾನಿ. ಅವನ ಜೊತೆಗಾರರು ಬಾರ್ಬಿಗೆ, ಅಂದರೆ ಹಿತ್ತಲಿನ ಕೆಂಡದಡುಗೆಯ ಊಟಕ್ಕೆ, ಬಂದಿದ್ದರು. ಕೆಂಡದ ಮೇಲೆ ಜೋಳದ ತೆನೆ ಸುಡುತ್ತಿತ್ತು. ಆಗ ಬೇಲಿಯಾಚೆಯಿಂದ ಟೊಮ್ಯಾಟೊ ಬೇಯುವ ವಾಸನೆ ಬಂತು. ಒಂದು ಮನೆಯ ಸಾರಿನ ವಾಸನೆಯಲ್ಲ ಅದು. ಮಣಗಟ್ಟಲೆ ಹಣ್ಣು, ಸೌದೆಯ ಹೊಗೆ, ನಮ್ಮ ತುಳಸಿಗೆ ದಾಯಾದಿಯಾದ ಒಂದು ಎಲೆ, ಬಿಸಿ ಗಾಜು, ಎಲ್ಲವೂ ಕೂಡಿದ ವಾಸನೆ.

"ಪಕ್ಕದೋರು ಇಟಾಲಿಯನ್ಸ್ ಅಲ್ವಾ?" ಎಂದ ಪ್ರಶಾಂತನೆಂಬ ಎಂಜಿನಿಯರು. "ಹುಷಾರು ಅಂಕಲ್. ಅವ್ರಲ್ಲಿ ಕೊಲೆ ಆದ್ರೂ ಒಬ್ರೂ ಪಿಟ್ ಅನ್ನಲ್ಲ. ಓಮೆರ್ತಾ ಅಂತ ಕೋಡ್ ಇದೆ. ಅದು ಬ್ಲಡ್‌ನಲ್ಲೇ ಬಂದಿರುತ್ತೆ."

"ರಕ್ತದಲ್ಲಿ ಬರೋದು ಸಕ್ಕರೆ ಕಾಯಿಲೆ," ಎಂದೆ. "ನೀನು ಎಷ್ಟು ಜನ ಇಟಲಿಯವರನ್ನ ನೋಡಿದೀಯಪ್ಪ?"

"ನೋಡೋದೇನು ಅಂಕಲ್, ಮೂರು ಸೀಸನ್ ನೋಡ್ಬಿಟ್ಟಿದೀನಿ!"

ಎಲ್ಲರೂ ನಕ್ಕರು. ನನ್ನ ಮಗಳು ರೂಪಾ ನಗಲಿಲ್ಲ. ಇಕ್ಕಳ ತೆಗೆದುಕೊಂಡು, ಆಗಲೇ ತಿರುವಿದ್ದ ತೆನೆಗಳನ್ನು ಇನ್ನೊಮ್ಮೆ ತಿರುವಿದಳು. ನಮ್ಮ ಮನೆಯಲ್ಲಿ ಆ ವಿಷಯವನ್ನು ಎತ್ತುವುದಿಲ್ಲ.

ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟವನು. ಮೈಸೂರಿನ ಒಂದು ಮುದ್ರಣಾಲಯದಲ್ಲಿ ಮೊದಲು ಅಚ್ಚುಮೊಳೆ ಜೋಡಿಸುತ್ತ, ಆಮೇಲೆ ಕರಡು ತಿದ್ದುತ್ತ ಓದು ಕಲಿತೆ. ಅಚ್ಚಾದದ್ದೆಲ್ಲ ನಿಜ ಎಂಬ ನಂಬಿಕೆ ಮೊದಲ ವರ್ಷವೇ ಹೋಯಿತು, ಏಕೆಂದರೆ ಅಚ್ಚು ಮಾಡುತ್ತಿದ್ದವರಲ್ಲಿ ನಾನೂ ಒಬ್ಬ. ಈ ಮೌನದ ಬಗ್ಗೆ ಬಂದಿರುವ ಪುಸ್ತಕಗಳನ್ನು ಅಡಿಲೇಡಿನ ಗ್ರಂಥಾಲಯದಿಂದ ತಂದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದ್ದೇನೆ. ಒಂದು ಪುಸ್ತಕ ಅದನ್ನು ಗಂಡಸಿನ ಮರ್ಯಾದೆ ಎನ್ನುತ್ತದೆ, ಇನ್ನೊಂದು ಬರಿಯ ಭಯ ಎನ್ನುತ್ತದೆ, ಮತ್ತೊಂದು ಪರರಾಜರ ನ್ಯಾಯಾಲಯಗಳ ಮೇಲಿನ ಅಪನಂಬಿಕೆ ಎನ್ನುತ್ತದೆ. ಮೂರರಲ್ಲಿಯೂ ಮಾತನಾಡದವರೆಲ್ಲ ಗಂಡಸರು. ತರಕಾರಿ ಬಿಡಿಸುತ್ತ ನಿಂತ ಒಬ್ಬ ಮುದುಕಿ ಅವುಗಳಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದ ನಾನು ಕಂಡ ಒಂದು ಬೇಸಿಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾವು ಅಡಿಲೇಡಿನಲ್ಲಿದ್ದೆವು. ನಗರದ ಈಶಾನ್ಯಕ್ಕೆ, ಹುಲ್ಲು ಒಣಗಿದ ಬೆಟ್ಟಗಳ ಬುಡದಲ್ಲಿ ನಮ್ಮ ಬಾಡಿಗೆ ಮನೆ. ಬೀದಿಯ ಹೆಚ್ಚಿನ ಮನೆಗಳು ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದಿಂದ, ಅದೂ ಒಂದೇ ಊರಿನಿಂದ, ಬಂದು ನೆಲೆಸಿದವರವು. ಅಂಗಡಿಗಳ ಮುಂಗಟ್ಟಿಗೆ ನಾವು ಹಾಕಿಸುವಂಥ ಸುರುಳಿ ಶಟರುಗಳನ್ನು ಅಲ್ಲಿ ಮನೆಯ ಕಿಟಕಿಗಳಿಗೂ ಹಾಕಿಸಿರುತ್ತಾರೆ. ಬಿಸಿಲು ಏರಿದಾಗ ಒಳಗಿನಿಂದ ಪಟ್ಟಿ ಎಳೆದರೆ ಸಾಕು, ಗರಗರನೆ ಇಳಿದು ಕಿಟಕಿಯನ್ನು ಪೂರ್ತಿ ಮುಚ್ಚುತ್ತವೆ. ಜನವರಿಯ ಮಧ್ಯಾಹ್ನ ಆ ಬೀದಿಯಲ್ಲಿ ಹೋಗುವುದೆಂದರೆ ಬಂದ್ ಆದ ಪೇಟೆಯಲ್ಲಿ ಒಬ್ಬನೇ ಹೋದ ಹಾಗೆ. ಬಿಸಿಲಿನ ದೇಶ, ಬಿಸಿಲಿಗೆ ಮಾಡಿಕೊಂಡ ಏರ್ಪಾಟು ಎಂದು ತಿಳಿದುಕೊಂಡಿದ್ದೆ.

ಒಂದು ದಿನ ಮೋಡ ಮುಚ್ಚಿತ್ತು. ಸಮುದ್ರದ ಕಡೆಯಿಂದ ತಣ್ಣಗಿನ ಗಾಳಿ ಬರುತ್ತಿತ್ತು. ನಾನು ಮುಂದಿನ ಮೆಟ್ಟಿಲ ಮೇಲೆ ಕುಳಿತಿದ್ದೆ. ಬೀದಿಯ ಮೇಲ್ತುದಿಯಿಂದ ಒಬ್ಬ ಹಿರಿಯ ಮನುಷ್ಯ ನಡೆದು ಬಂದ. ಇಸ್ತ್ರಿ ಮಾಡಿದ ಬಿಳಿಯ ಅಂಗಿ, ಬೆನ್ನ ಹಿಂದೆ ಕಟ್ಟಿದ ಕೈಗಳು, ಅವಸರವಿಲ್ಲದ ಹೆಜ್ಜೆ. ಆತ ಒಂದು ಮನೆಯನ್ನು ತಲುಪುವ ಮೊದಲು ಆ ಮನೆಯ ಶಟರು ಇಳಿಯುತ್ತಿತ್ತು. ಆಮೇಲೆ ಮುಂದಿನ ಮನೆಯದು, ಅದರ ಮುಂದಿನದು. ಬಿಸಿಲೇ ಆ ಮನುಷ್ಯನ ಜೊತೆಗೆ ನಡೆದು ಬರುತ್ತಿದೆಯೇನೋ ಎಂಬಂತೆ. ಆತ ಪ್ರತಿಯೊಂದು ಮುಚ್ಚಿದ ಕಿಟಕಿಗೂ ಸ್ವಲ್ಪ ತಲೆ ಬಾಗಿಸಿ ಮುಂದೆ ಹೋಗುತ್ತಿದ್ದ. ನಮ್ಮ ಮನೆಯ ಮುಂದೆ ಬಂದಾಗ ನಾನು ಎದ್ದು ನಿಂತು ಕೈಮುಗಿದೆ. ಆತನೂ ನಿಂತು, ಹೊಸ ಆಟವೊಂದನ್ನು ಕಲಿಯುವವನಂತೆ ಎರಡೂ ಕೈ ಜೋಡಿಸಿ ನಕ್ಕ.

ಆತನ ಹೆಸರು ಮಿಕೊ. ನಮ್ಮ ಪಕ್ಕದ ಮನೆಯ ಕಾರ್ಮೆಲಾಳ ಅಣ್ಣ. ನಗರದ ಉತ್ತರದ ಬಯಲಿನಲ್ಲಿ ಗಾಜಿನ ಮನೆಗಳನ್ನು ಕಟ್ಟಿಸಿ ಟೊಮ್ಯಾಟೊ, ಸೌತೆ ಬೆಳೆಸುತ್ತಿದ್ದ. ಬೀದಿಯ ಅರ್ಧ ಜನ ಒಂದಲ್ಲ ಒಂದು ಕಾಲದಲ್ಲಿ ಆತನ ಬಳಿ ದುಡಿದವರು.

ಕಾರ್ಮೆಲಾಳಿಗೆ ಎಪ್ಪತ್ತು ದಾಟಿತ್ತು. ಗಂಡ ಸತ್ತ ಮೇಲೆ ಆ ಊರಿನ ಪದ್ಧತಿಯಂತೆ ಆಕೆ ಹಲವು ವರ್ಷ ಕಪ್ಪು ಬಟ್ಟೆಯನ್ನೇ ಉಟ್ಟಿದ್ದಳಂತೆ. ಮಗ ಪಿನೊ ಹಟ ಹಿಡಿದು, ನೀಲಿಯ ಮೇಲೆ ಬಿಳಿ ಹೂಗಳ ಒಂದು ಉಡುಪು ತಂದು, ಕಪ್ಪನ್ನು ಬಿಡಿಸಿದ್ದ. ಆ ಬೇಸಿಗೆಯೆಲ್ಲ ಆಕೆ ಅದನ್ನೇ ಒಗೆದು ಒಗೆದು ಉಡುತ್ತಿದ್ದಳು. ಪಿನೊ ಮೂವತ್ತರ ಮೇಲಿನ, ತುಸು ಬೊಜ್ಜಿನ, ಬಾಯ್ತುಂಬ ನಗುವ ಮನುಷ್ಯ. ಮಾವನ ಗಾಜಿನ ಮನೆಗಳಲ್ಲಿ ಕೆಲಸ. ನನ್ನನ್ನು ಕಂಡರೆ "ನಮಸ್ತೆ ಬಾಸ್" ಎನ್ನುವನು. ನನ್ನ ಇಂಗ್ಲಿಷೂ ಕಾರ್ಮೆಲಾಳ ಇಂಗ್ಲಿಷೂ ಒಂದೇ ರೀತಿ ಕುಂಟುತ್ತಿದ್ದುದರಿಂದ ನಮ್ಮ ಮಾತು ಸರಾಗವಾಗಿ ಸಾಗುತ್ತಿತ್ತು. ಇಲ್ಲಿ ಅದನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ.

ನನಗೆ ಒಂದು ಅಭ್ಯಾಸವಿದೆ. ಮೈಸೂರಿನಲ್ಲಿ ನನ್ನ ಕಾಲದವರಿಗೆಲ್ಲ ಇತ್ತು. ಯಾರನ್ನು ಕಂಡರೂ ಅವರ ಮನೆಯವರನ್ನೆಲ್ಲ ಹೆಸರು ಹಿಡಿದು ವಿಚಾರಿಸುವುದು. ಒಬ್ಬರನ್ನು ಬಿಟ್ಟರೂ ಅವರಿಗೆ ಅವಮಾನ ಮಾಡಿದಂತೆ ಎಂದು ನಾವು ಕಲಿತಿದ್ದೇವೆ. ಆ ಬೀದಿಯಲ್ಲಿಯೂ ನಾನು ಹಾಗೆಯೇ ನಡೆದುಕೊಂಡೆ. ಕೇಳುವುದು ಅಲ್ಲಿ ಎಂಥ ಕೆಲಸ ಎಂಬುದು ನನಗೆ ತಿಳಿದಿರಲಿಲ್ಲ.

ಜನವರಿಯ ಕೊನೆಯಲ್ಲಿ ಒಂದು ಮಧ್ಯಾಹ್ನ ಮರುಭೂಮಿಯ ಕಡೆಯ ಗಾಳಿ ಬೀಸುತ್ತಿತ್ತು. ಮನೆಯಲ್ಲಿ ನಾನೊಬ್ಬನೇ. ಬೇಲಿಯ ತಗಡನ್ನು ಯಾರೋ ತಟ್ಟಿದರು. ಹೋಗಿ ನೋಡಿದರೆ ಕಾರ್ಮೆಲಾ. ಅಂಥ ಬಿಸಿಲಿನಲ್ಲಿ ಆಕೆ ಹೊರಗೆ ಬಂದದ್ದನ್ನು ನಾನು ಎಂದೂ ಕಂಡಿರಲಿಲ್ಲ. ತಗಡಿನ ಬೇಲಿ ಮುಗಿದು ಮೊಣಕಾಲೆತ್ತರದ ತಂತಿ ಬೇಲಿ ಶುರುವಾಗುವ ಕಡೆ, ನಿಂಬೆಗಿಡದ ಪಕ್ಕದಲ್ಲಿ ಆಕೆ ನಿಂತಿದ್ದಳು. ಅಲ್ಲಿಂದ ಆಕೆಯ ಮನೆಯ ಮುಂಬಾಗಿಲೂ ಬೀದಿಯೂ ಸ್ಪಷ್ಟವಾಗಿ ಕಾಣುತ್ತವೆ. ಆಕೆ ಬೀದಿಗೆ ಬೆನ್ನು ಹಾಕಿ ನಿಂತಿದ್ದಳು.

"ತಗೋ ಸಿನ್ಯೋರ್, ಬೀನ್ಸ್," ಎಂದಳು. "ಇವತ್ತು ಕಿತ್ತಿದ್ದು. ನೀನು ತೆಳ್ಳಗಿದ್ದೀಯ."

"ಒಳಗೆ ಬಾ, ಬಿಸಿಲು," ಎಂದೆ.

"ಇಲ್ಲೇ ನಿಲ್ಲು. ಹೇಳ್ತೀನಿ ಕೇಳು. ನೀರು ಕುದಿಸು. ಉಪ್ಪು ಮೊದಲು ಹಾಕು."

ಆಗ ಆಕೆಯ ಮನೆಯ ಬಾಗಿಲು ತೆರೆಯಿತು. ಪಿನೊ ಹೊರಗೆ ಬಂದ. ಬನಿಯನ್ನು, ಹವಾಯಿ ಚಪ್ಪಲಿ, ಹೆಗಲ ಮೇಲೆ ಪಾತ್ರೆ ಒರೆಸುವ ಬಟ್ಟೆ. ಅವನ ಹಿಂದೆ ಮಿಕೊ. ಆತನ ಅಂಗೈ ಪಿನೊನ ಕುತ್ತಿಗೆಯ ಹಿಂಭಾಗದಲ್ಲಿತ್ತು. ಮಕ್ಕಳನ್ನು ಜಾತ್ರೆಯಲ್ಲಿ ನಡೆಸಿಕೊಂಡು ಹೋಗುವಾಗ ಇಡುತ್ತೇವಲ್ಲ, ಹಾಗೆ. ಗೇಟಿನ ಬಳಿ ಪಿನೊ ನಿಂತ. ನಮ್ಮ ಕಡೆ ನೋಡಿದ. "ಮಮ್ಮಾ," ಎಂದ. ಕೂಗಲಿಲ್ಲ. ಊಟಕ್ಕೆ ಕುಳಿತವನು ಕರೆದಂತೆ ಕರೆದ.

ಆಕೆ ತಿರುಗಲಿಲ್ಲ.

"ಬೆಳ್ಳುಳ್ಳಿ ಆಮೇಲೆ," ಎಂದಳು ನನಗೆ. ಆಕೆಯ ಕಣ್ಣು ನನ್ನ ಮುಖದ ಮೇಲಿತ್ತು. ಮುಖದ ಮೇಲೆ ಎಂದರೆ ಸಾಲದು. ಅದು ನನ್ನ ಕಣ್ಣಿನೊಳಗಿತ್ತು. ನಾನು ಅಭ್ಯಾಸದಂತೆ ಪಿನೊನತ್ತ ಕೈ ಎತ್ತಿದೆ. ಅವನೂ ಎತ್ತಿದ. ಗೇಟಿನ ಮುಂದೆ ನಿಂತಿದ್ದ, ಹಿಂದೆ ಸಾಮಾನಿನ ತೊಟ್ಟಿಯಿರುವ ಬಿಳಿಯ ಯೂಟ್‌ನಲ್ಲಿ ಕುಳಿತ. ಮಿಕೊ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ಕಣ್ಣಾಡಿಸಿದ. ಶಟರುಗಳೆಲ್ಲ ಇಳಿದಿದ್ದವು. ಆತನ ನೋಟ ನನ್ನ ಮೇಲೂ ಹಾಯ್ದು ಹೋಯಿತು. ಆದರೆ ಆತನಿಗೆ ನಾನು ಆ ನಿಂಬೆಗಿಡಕ್ಕಿಂತ ಹೆಚ್ಚೇನೂ ಆಗಿರಲಿಲ್ಲ. ಪರದೇಶದ ಒಬ್ಬ ಮುದುಕ, ಕೈಯಲ್ಲಿ ಬೀನ್ಸು.

ಯೂಟ್ ಮೂಲೆ ದಾಟಿತು. ಕಾರ್ಮೆಲಾ ನನ್ನ ಮಣಿಕಟ್ಟನ್ನು ಬಿಟ್ಟಳು. ಅಷ್ಟು ಹೊತ್ತು ಹಿಡಿದಿದ್ದಳೆಂಬುದು ಬಿಟ್ಟಾಗಲೇ ನನಗೆ ಗೊತ್ತಾದದ್ದು.

"ಹೋಯಿತಾ?" ಎಂದಳು.

"ಹೋಯಿತು."

"ಯಾವ ಕಡೆ?"

"ಎಡಕ್ಕೆ. ಉತ್ತರದ ರಸ್ತೆಗೆ."

ಆಕೆ ತಲೆಯಾಡಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಆಕೆಯ ಶಟರೂ ಇಳಿಯಿತು.

ಫೆಬ್ರವರಿಯಲ್ಲಿ ಪಿನೊ ಕಾಣಲಿಲ್ಲ. ನಾನು ಕೇಳಿದೆ. ಬೀದಿಯ ಕೊನೆಯಲ್ಲಿದ್ದ ಕ್ಷೌರದಂಗಡಿಯ ಮುದುಕ ಕತ್ತರಿ ನಿಲ್ಲಿಸದೆ ಹೇಳಿದ: "ಪಿನೊ ಬ್ರಿಸ್ಬೇನ್‌ನಲ್ಲಿದ್ದಾನೆ. ಒಳ್ಳೆ ಕೆಲಸ ಸಿಕ್ಕಿದೆ. ಅಲ್ಲಿ ಹವೆ ಚೆನ್ನಾಗಿದೆ." ಬೇಕರಿಯ ಹೆಂಗಸು ಬ್ರೆಡ್ಡು ಸುತ್ತುತ್ತ ಹೇಳಿದಳು: "ಪಿನೊ ಬ್ರಿಸ್ಬೇನ್‌ನಲ್ಲಿದ್ದಾನೆ. ಒಳ್ಳೆ ಕೆಲಸ ಸಿಕ್ಕಿದೆ. ಅಲ್ಲಿ ಹವೆ ಚೆನ್ನಾಗಿದೆ." ಎದುರು ಮನೆಯಾತ ಗಿಡಕ್ಕೆ ನೀರು ಹಾಕುತ್ತ ಅದನ್ನೇ ಹೇಳಿದ. ಕೊನೆಗೆ ಕಾರ್ಮೆಲಾಳೂ ಹೇಳಿದಳು, ಅದೇ ಮೂರು ವಾಕ್ಯ, ಅದೇ ಕ್ರಮ. ಹೇಳುವಾಗ ಆಕೆ ತನ್ನ ನೀಲಿ ಉಡುಪಿನ ಒಂದು ಹೂವನ್ನು ಬೆರಳಿನಿಂದ ಉಜ್ಜುತ್ತಿದ್ದಳು.

ಕರಡು ತಿದ್ದುವವನಿಗೆ ಒಂದು ವಿಷಯ ಗೊತ್ತಿರುತ್ತದೆ. ಒಂದೇ ಘಟನೆಯನ್ನು ನಾಲ್ವರು ಕಂಡು ಬರೆದರೆ ನಾಲ್ಕು ಬಗೆಯ ವಾಕ್ಯಗಳಾಗುತ್ತವೆ. ನಾಲ್ಕು ಪ್ರತಿಯಲ್ಲಿಯೂ ಒಂದೇ ವಾಕ್ಯ ಕಂಡರೆ, ಎಲ್ಲೋ ಒಬ್ಬ ಮೊಳೆ ಜೋಡಿಸಿ ಮುಗಿಸಿದ್ದಾನೆ ಎಂದರ್ಥ.

ಬ್ರಿಸ್ಬೇನಿನ ರನ್‌ಕಾರ್ನಿನಲ್ಲಿ ನನ್ನ ಹಳೆಯ ಸ್ನೇಹಿತನ ಮಗ ಮಂಜುನಾಥನಿದ್ದಾನೆ. ಅವನಿಗೆ ಫೋನು ಮಾಡಿದೆ.

"ಪಿನೊ ಅಂತ ಒಬ್ಬ ಇಟಲಿಯವನು. ನಿಮ್ಮ ಕಡೆ ಎಲ್ಲಾದರೂ ಕೆಲಸಕ್ಕೆ ಸೇರಿದಾನಾ, ಸ್ವಲ್ಪ ನೋಡಪ್ಪ."

"ಅಂಕಲ್, ಬ್ರಿಸ್ಬೇನ್ ಏನು ದೇವರಾಜ ಮಾರ್ಕೆಟ್ಟಾ, ಒಂದ್ ರೌಂಡ್ ಹೊಡೆದು ಹುಡುಕೋಕೆ?" ಎಂದ. "ಸರ್‌ನೇಮ್ ಇಲ್ಲ, ಕಂಪನಿ ಇಲ್ಲ. ಅಂದಹಾಗೆ ಇಲ್ಲಿ ಹವೆ ಏನೂ ಚೆನ್ನಾಗಿಲ್ಲ. ಹೋದ ವಾರದಿಂದ ಕ್ಯಾಲಮ್‌ವೇಲ್ ಕಡೆ ರಸ್ತೆ ಎಲ್ಲಾ ನೀರು ನಿಂತ್ಬಿಟ್ಟಿದೆ."

ಮಾರ್ಚಿ ತಿಂಗಳ ಮೊದಲಲ್ಲಿ ಆ ಜನರು ವರ್ಷಕ್ಕಾಗುವಷ್ಟು ಟೊಮ್ಯಾಟೊ ಸಾಸು ಮಾಡಿಡುತ್ತಾರೆ. ಬಳಗವೆಲ್ಲ ಒಂದು ಹಿತ್ತಲಲ್ಲಿ ಸೇರುತ್ತದೆ. ಒಬ್ಬರು ತೊಳೆಯುವುದು, ಒಬ್ಬರು ಹೆಚ್ಚುವುದು, ಒಬ್ಬರು ಯಂತ್ರದ ಹಿಡಿ ತಿರುಗಿಸುವುದು. ಬಾಟಲಿಗೆ ತುಂಬಿ, ದೊಡ್ಡ ಪೀಪಾಯಿಗಳಲ್ಲಿ ನೀರಿಟ್ಟು, ಸೌದೆ ಉರಿಯ ಮೇಲೆ ಕುದಿಸುತ್ತಾರೆ. ಯಾರ ಕೆಲಸ ಯಾವುದು ಎಂಬುದು ವರ್ಷ ವರ್ಷವೂ ಬದಲಾಗುವುದಿಲ್ಲ. ಕಾರ್ಮೆಲಾ ನನ್ನನ್ನೂ ಕರೆದಿದ್ದಳು. ಹಿತ್ತಲ ತುಂಬ ಜನ, ನಗು, ಕೆಂಪಗಾದ ಮೊಣಕೈಗಳು. ಮಿಕೊ ಯಂತ್ರದ ಹಿಡಿ ತಿರುಗಿಸುತ್ತಿದ್ದ. ಪೀಪಾಯಿಯ ಉರಿಯ ಬಳಿ ಮಾತ್ರ ಯಾರೂ ಇರಲಿಲ್ಲ. ಉರಿ ಕುಂದಿದಾಗ ಯಾರೋ ಒಬ್ಬರು ಬೇಗ ಹೋಗಿ ಒಂದು ಸೌದೆ ತುರುಕಿ, ಬಿಸಿ ಮುಟ್ಟಿದವರಂತೆ ಬೇಗ ಹಿಂದಕ್ಕೆ ಬರುತ್ತಿದ್ದರು.

"ಉರಿ ನೋಡೋದು ಪಿನೊ ಕೆಲಸ ಅಲ್ವಾ?" ಎಂದೆ ಗಟ್ಟಿಯಾಗಿ. "ಫೋನು ಮಾಡಿದ್ದನಾ? ಆರೋಗ್ಯವಾಗಿದ್ದಾನಾ?"

ಸಾಸಿನ ಯಂತ್ರ ನಿಂತಿತು. ಅಷ್ಟು ಜನರಲ್ಲಿ ಒಬ್ಬರೂ ನನ್ನನ್ನು ನೋಡಲಿಲ್ಲ, ಒಬ್ಬರನ್ನೊಬ್ಬರೂ ನೋಡಲಿಲ್ಲ. ಬಾಟಲಿಗಳು ಕುದಿನೀರಿನಲ್ಲಿ ಒಂದಕ್ಕೊಂದು ತಾಗುವ ಸದ್ದು ಮಾತ್ರ ಕೇಳಿಸುತ್ತಿತ್ತು, ಹಲ್ಲು ನಡುಗಿದಂತೆ. ಆಮೇಲೆ ಬಾಗಿಲ ಬಳಿಯಿದ್ದ ಒಬ್ಬಾಕೆ, ಮೇಜಿನ ಬಳಿಯಿದ್ದ ಒಬ್ಬಾತ, ಇಬ್ಬರೂ ಒಟ್ಟಿಗೆ "ಪಿನೊ ಬ್ರಿಸ್ಬೇನ್‌ನಲ್ಲಿ..." ಎಂದು ಶುರುಮಾಡಿ, ಒಟ್ಟಿಗೆ ಮುಗಿಸಿದರು.

ಮಿಕೊ ಕೈ ಒರೆಸಿಕೊಂಡು ನನ್ನ ಬಳಿಗೆ ಬಂದ. "ಸಿನ್ಯೋರ್ ನಂಜುಂಡ," ಎಂದ. ಆ ಬೀದಿಯಲ್ಲಿ ನನ್ನ ಹೆಸರನ್ನು ಪೂರ್ತಿಯಾಗಿ ಹೇಳುತ್ತಿದ್ದವನು ಆತನೊಬ್ಬನೇ. "ನೀವು ಎಲ್ಲರನ್ನೂ ವಿಚಾರಿಸುತ್ತೀರಿ. ನಿಮ್ಮ ದೇಶದಲ್ಲಿ ಅದು ಸಭ್ಯತೆ ಅಲ್ಲವೆ?"

"ಹೌದು," ಎಂದೆ.

"ಚೆನ್ನಾಗಿದೆ. ನಾನೂ ಕಲಿಯಬೇಕು," ಎಂದು ಮತ್ತೆ ಹಿಡಿ ತಿರುಗಿಸಲು ಹೋದ. ಊಟದ ಹೊತ್ತಿಗೆ ಕಾರ್ಮೆಲಾ ಆತನ ತಟ್ಟೆಗೆ ಮೊದಲ ತುತ್ತು ಬಡಿಸಿದಳು.

ಅಂದು ಸಂಜೆ ಬೇಲಿಯ ಬಳಿ ಆಕೆ ಒಬ್ಬಳೇ ಸಿಕ್ಕಳು. "ಕಾರ್ಮೆಲಾ, ನಿನಗೆ ಏನಾದರೂ ಗೊತ್ತಾಯಿತಾ?" ಎಂದೆ.

"ಚರ್ಚಿನಲ್ಲಿ ಪಾದ್ರಿ ಕೇಳಿದರು," ಎಂದಳು. "ಪಿನೊಗೆ ಏನು ಪ್ರಾರ್ಥನೆ ಮಾಡಲಿ ಅಂತ. ಬೇರೆ ಊರಿಗೆ ಹೋದವನಿಗೆ ಒಂದು ಪ್ರಾರ್ಥನೆ ಇದೆ. ಸತ್ತವನಿಗೆ ಬೇರೆ ಇದೆ. ನಾನು ಯಾವುದನ್ನು ಕೇಳಲಿ ಸಿನ್ಯೋರ್?" ಆಮೇಲೆ, "ಬ್ರಿಸ್ಬೇನ್‌ನಲ್ಲಿ ಹವೆ ಚೆನ್ನಾಗಿದೆ," ಎಂದಳು.

ಆಗ ನನಗೆ ಅರ್ಥವಾಯಿತು. ಆಕೆ ಕಪ್ಪು ಉಡುವ ಹಾಗಿರಲಿಲ್ಲ. ಕಪ್ಪು ಉಟ್ಟರೆ ಮಗ ಸತ್ತನೆಂದು ಹೇಳಿದಂತೆ. ಸತ್ತನೆಂದರೆ ಯಾರು ಕೊಂದರು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಆಕೆಯದೇ ಮೇಜಿನಲ್ಲಿ, ಆಕೆ ಬಡಿಸಿದ್ದನ್ನು ಉಣ್ಣುತ್ತಿತ್ತು. ಆಕೆಗೆ ಒಬ್ಬ ಮಗಳೂ ಇದ್ದಳು, ಮೊಮ್ಮಕ್ಕಳಿದ್ದರು. ಮಗನನ್ನು ಕಳೆದುಕೊಂಡ ತಾಯಿ ಅಳಲು ಬೇರೆ ಯಾರಾದರೂ ಮೊದಲು ಮಾತನಾಡಬೇಕಾಗಿತ್ತು.

ಪಿನೊನ ಗೆಳತಿಯಾಗಿದ್ದ, ಇಟಲಿಯವಳಲ್ಲದ ಒಬ್ಬ ಹುಡುಗಿ ಪೊಲೀಸರಿಗೆ ದೂರು ಕೊಟ್ಟಿದ್ದಳು. ಹಾಗೆಂದು ಆಮೇಲೆ ತಿಳಿಯಿತು. ಮಾರ್ಚಿಯ ಕೊನೆಯಲ್ಲಿ ಒಬ್ಬ ಪೊಲೀಸ್ ಪತ್ತೇದಾರಿಣಿ ನಮ್ಮ ಬೀದಿಗೆ ಬಂದರು. ಅಂದು ಬಿಸಿಲಿರಲಿಲ್ಲ. ಕೈಯಲ್ಲಿ ನೀರಿನ ಬಾಟಲಿ ಹಿಡಿದು ಅವರು ಒಂದೊಂದೇ ಬಾಗಿಲು ತಟ್ಟುತ್ತಿದ್ದರು. ಅವರಿಗಿಂತ ಒಂದು ಮನೆ ಮುಂದಾಗಿ ಶಟರುಗಳು ಇಳಿಯುತ್ತಿದ್ದವು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಪುಸ್ತಕಗಳು ತಪ್ಪು ಎಂದು ಆಗ ಅನ್ನಿಸಿತು. ಕಂಡದ್ದನ್ನು ಹೇಳದಿರುವುದು ಆ ಜನರ ಕಟ್ಟಳೆಯಲ್ಲ. ಅದಕ್ಕೆ ಎದೆಗಾರಿಕೆ ಬೇಕು. ಎಲ್ಲರಿಗೂ ಅಷ್ಟು ಎದೆ ಇರುವುದಿಲ್ಲ. ತಮ್ಮ ಕಣ್ಣಿಗೆ ಏನೂ ಬೀಳದಂತೆಯೇ ಅವರು ನೋಡಿಕೊಳ್ಳುತ್ತಾರೆ. ಆ ಮೌನ ಇದ್ದದ್ದು ನಾಲಗೆಯಲ್ಲಲ್ಲ, ಕಣ್ಣಿನಲ್ಲಿ.

ರೂಪಾ ನನ್ನ ಪಕ್ಕಕ್ಕೆ ಬಂದು ನಿಂತಳು. ಅವಳಿಗೆ ನಾನು ಮೊದಲೇ ಹೇಳಿದ್ದೆ.

"ಅಪ್ಪಾ, ನಿಮ್ಮ ಕೈ ಮುಗೀತೀನಿ. ಈ ದೇಶದಲ್ಲೇ ಇರೋಕೆ ಇನ್ನೂ ಪಿಆರ್ ಬಂದಿಲ್ಲ ನಮಗೆ. ಸತೀಶ್ ಎರಡೆರಡು ವಾರ ಸೈಟ್‌ನಲ್ಲಿರ್ತಾರೆ. ಮನೇಲಿ ನಾನು, ನೀವು, ಅನಘಾ. ನಮಗ್ಯಾಕೆ ಬೇಕು?"

"ಸತೀಶನೂ ಫೋನಿನಲ್ಲಿ ಅದನ್ನೇ ಅಂದ. 'ನಮಗ್ಯಾಕೆ ಬೇಕು.' ಮಂಜುನಾಥನೂ ಅಂದ. ಅದೇ ಮಾತು."

"ಅದ್ರಲ್ಲೇನಿದೆ ಈಗ?"

"ಏನೂ ಇಲ್ಲಮ್ಮ. ಆ ಮೊಳೆ ಬೇರೆ, ಈ ಮೊಳೆ ಬೇರೆ. ಅಚ್ಚುಮನೆ ಒಂದೇ ಅನ್ನಿಸ್ತು."

"ಅಪ್ಪಾ! ಎಲ್ಲದಕ್ಕೂ ಪ್ರೆಸ್ಸಿನ ಕಥೆ ಹೇಳ್ಬೇಡಿ!"

ಒಳಗಿನಿಂದ ಮೊಮ್ಮಗಳು ಅನಘಾ, "ವಾಟ್ ಹ್ಯಾಪನ್ಡ್ ತಾತಾ?" ಎಂದಳು. "ನಥಿಂಗ್," ಎಂದಳು ರೂಪಾ. ಆಗಲೇ ಬಾಗಿಲು ತಟ್ಟಿದ ಸದ್ದಾಯಿತು.

ರೂಪಾ ಬಾಗಿಲು ತೆರೆದು, ನಯವಾಗಿ, ನಾವು ಹೊಸಬರು, ಯಾರನ್ನೂ ಅಷ್ಟಾಗಿ ಬಲ್ಲವರಲ್ಲ ಎಂದಳು. ಪತ್ತೇದಾರಿಣಿಯ ಭುಜದಾಚೆ ನನಗೆ ಇಡೀ ಬೀದಿ ಕಾಣುತ್ತಿತ್ತು. ಆ ತುದಿಯಿಂದ ಈ ತುದಿಯವರೆಗೆ ಕಿಟಕಿಗಳೆಲ್ಲ ಮುಚ್ಚಿ, ಮನೆಗಳಿಗೆ ಮುಖವೇ ಇಲ್ಲದಂತಾಗಿತ್ತು. ಪಕ್ಕದ ಮನೆಯ ಅಡುಗೆಕೋಣೆಯ ಕಿಟಕಿ ಮಾತ್ರ ತೆರೆದಿತ್ತು. ಗಾಜಿನ ಹಿಂದೆ ಕಾರ್ಮೆಲಾ ನಿಂತಿದ್ದಳು, ನೀಲಿ ಉಡುಪಿನಲ್ಲಿ, ಎರಡು ಕೈಯನ್ನೂ ಕೆಳಗೆ ಬಿಟ್ಟುಕೊಂಡು. ಅಂದು ಬೇಲಿಯ ಬಳಿ ನೋಡಿದ ಹಾಗೆಯೇ ನೋಡುತ್ತಿದ್ದಳು. ಕೈ ಸನ್ನೆಯಿಲ್ಲ, ತಲೆ ಅಲುಗಿಲ್ಲ.

ಅಷ್ಟು ದಿನ ನನಗೆ ಹೊಳೆಯದಿದ್ದುದು ಆ ಕ್ಷಣ ಹೊಳೆಯಿತು. ಅಂದು ಮಧ್ಯಾಹ್ನ, ಅಣ್ಣ ಮನೆಗೆ ಬಂದು ಆಕೆಗೆ ಮನೆಯ ತರಕಾರಿ ತೋಟಕ್ಕೆ ಹೋಗು ಎಂದಿರಬೇಕು. ಅದಕ್ಕೆ ಏನರ್ಥ ಎಂದು ಆಕೆಗೆ ಗೊತ್ತಾಗಿರಬೇಕು. ತಡೆಯಲು ಆಗುವುದಿಲ್ಲ, ಕೂಗಲು ಆಗುವುದಿಲ್ಲ, ತಿರುಗಿ ನೋಡುವ ಹಾಗೂ ಇಲ್ಲ. ಆ ಬೀದಿಯಲ್ಲಿ ಕಿಟಕಿ ಮುಚ್ಚದ ಮನೆ ಒಂದೇ ಒಂದಿತ್ತು. ಎಲ್ಲರನ್ನೂ ಹೆಸರು ಹಿಡಿದು ಕೇಳುವ, ಕೇಳಿದರೆ ಹೇಳಿಬಿಡುವ ಒಬ್ಬ ಮುದುಕ ಆ ಮನೆಯಲ್ಲಿದ್ದ. ಬೇಲಿಯ ತಗಡು ತಟ್ಟಿ ಆಕೆ ಕರೆದದ್ದು ಬೀನ್ಸು ಕೊಡುವುದಕ್ಕಲ್ಲ. ತನ್ನ ಮಗ ಹೋಗುವುದನ್ನು ಆಕೆ ನೋಡಿದ್ದು ನನ್ನ ಕಣ್ಣಿನಲ್ಲಿ.

"ನಾನು ನೋಡಿದ್ದೇನೆ," ಎಂದೆ ರೂಪಾಳ ಹಿಂದಿನಿಂದ.

ಎಲ್ಲವನ್ನೂ ಹೇಳಿದೆ. ಯೂಟ್, ಚಪ್ಪಲಿ, ಕುತ್ತಿಗೆಯ ಮೇಲಿನ ಅಂಗೈ, ಎಡಕ್ಕೆ ತಿರುಗಿದ್ದು. ಕಾರ್ಮೆಲಾ ನನ್ನ ಎದುರಿಗೆ ನಿಂತಿದ್ದಳು, ಬೆನ್ನು ಬೀದಿಗಿತ್ತು, ಆಕೆ ಏನನ್ನೂ ನೋಡಲಿಲ್ಲ ಎಂದೂ ಹೇಳಿದೆ. ಅದೂ ನಿಜವೇ. ಪತ್ತೇದಾರಿಣಿ ಪಕ್ಕದ ಮನೆಗೆ ಹೋದಾಗ ಆಕೆ ಏನು ಹೇಳಿದಳೆಂಬುದನ್ನು ನಾನು ಕೇಳಿಸಿಕೊಳ್ಳಬೇಕಾಗಿರಲಿಲ್ಲ. ಬ್ರಿಸ್ಬೇನಿನ ಹವೆ.

ಪತ್ತೇದಾರಿಣಿ ಮತ್ತೊಮ್ಮೆ ಬಂದಾಗ ಸ್ವಲ್ಪ ಹೇಳಿದರು. ಮಿಕೊನ ಗಾಜಿನ ಮನೆಗಳಲ್ಲಿ ಟೊಮ್ಯಾಟೊ ಸಾಲುಗಳ ನಡುವೆ ಗಾಂಜಾ ಬೆಳೆಯುತ್ತಿತ್ತಂತೆ. ಪಿನೊ ಅದನ್ನು ಯಾರಿಗೋ ಬಾಯಿಬಿಟ್ಟಿದ್ದನಂತೆ. ಗಾಜಿನ ಮನೆಗಳ ನೆಲ ಅಗೆದರು. ಏನೂ ಸಿಗಲಿಲ್ಲ.

ಏಪ್ರಿಲ್‌ನಲ್ಲಿ ಒಂದು ದಿನ, ಹಗಲು ಹನ್ನೊಂದರ ಹೊತ್ತಿಗೆ, ಮಿಕೊ ನಮ್ಮ ಬಾಗಿಲಿಗೆ ಬಂದ. ಕೈಯಲ್ಲಿ ಒಂದು ಪೆಟ್ಟಿಗೆ ಟೊಮ್ಯಾಟೊ. ಕೈ ಜೋಡಿಸಿದ. ಆ ಹೊತ್ತಿಗೆ ಅದನ್ನು ಚೆನ್ನಾಗಿ ಕಲಿತಿದ್ದ.

"ಸಿನ್ಯೋರ್ ನಂಜುಂಡ, ಆರೋಗ್ಯವೆ?"

"ಆರೋಗ್ಯ."

"ಮಗಳು ರೂಪಾ? ಈಗಲೂ ಗುರುವಾರ ತಡವಾಗಿಯೇ ಬರುತ್ತಾಳೆಯೆ? ಅಳಿಯ ಸತೀಶ ಗಣಿಯಿಂದ ಬಂದನೆ? ಈ ವಾರ ಬರಬೇಕಲ್ಲ?"

ನಾನು ಬಾಗಿಲನ್ನು ಅರ್ಧ ಮುಂದೂಡಿದೆ.

"ಅನಘಾ ಹೇಗಿದ್ದಾಳೆ? ಈಜು ಕಲಿಯುತ್ತಿದ್ದಾಳಲ್ಲ. ನೀರಿಗೆ ಭಯ ಹೋಯಿತೆ?" ಎಂದ. ಅವನ ದನಿ ಮೃದುವಾಗಿತ್ತು. ನಿಜವಾದ ಅಕ್ಕರೆಯಿಂದ ಕೇಳುವವರ ದನಿಯೇ ಅದು. ಭೇದ ಹೇಳಲು ನನ್ನಿಂದ ಇಂದಿಗೂ ಆಗುವುದಿಲ್ಲ. "ನಿಮ್ಮಿಂದ ಕಲಿತೆ. ಒಬ್ಬರನ್ನೂ ಬಿಡಬಾರದು," ಎಂದು ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು, ತಲೆ ಬಾಗಿಸಿ, ಬೆನ್ನ ಹಿಂದೆ ಕೈ ಕಟ್ಟಿಕೊಂಡು ಹೋದ.

ಅಷ್ಟೇ. ಆಮೇಲೆ ಏನೂ ಆಗಲಿಲ್ಲ. ಸಿನಿಮಾಗಳಲ್ಲಿ ಆಗುವಂಥದ್ದು ಯಾವುದೂ ಆಗಲಿಲ್ಲ. ನಾವು ಮಾತ್ರ ಅದು ಆಗುವುದನ್ನು ಕಾಯುತ್ತ, ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿ, ಅನಘಾಳನ್ನು ಈಜಿಗೆ ಕಳುಹಿಸುವುದನ್ನು ಬಿಟ್ಟೆವು. ಬಿಟ್ಟದ್ದೇಕೆ ಎಂದು ಅವಳು ಕೇಳಿದಾಗ ಕ್ಲೋರಿನ್ ಚರ್ಮಕ್ಕೆ ಒಳ್ಳೆಯದಲ್ಲ ಎಂದೆವು. ಮೂವರೂ ಅದೇ ಮಾತನ್ನು ಹೇಳಿದೆವು. ಆ ತಿಂಗಳೇ ಬೇಲಿಯ ತಂತಿಯಿದ್ದ ಭಾಗಕ್ಕೆ ಹೊಸ ತಗಡು ಬಂತು. ಕಾರ್ಮೆಲಾ ಬೀದಿಯಲ್ಲಿ ಎದುರಾದರೆ ನನ್ನನ್ನು ಎಂದೂ ಕಂಡಿರದವಳಂತೆ ಹೋಗುತ್ತಿದ್ದಳು. ಜೂನಿನಲ್ಲಿ ಸತೀಶನಿಗೆ ಪರ್ತ್‌ಗೆ ವರ್ಗವಾಯಿತು. ಅವನೇ ಕೇಳಿ ಹಾಕಿಸಿಕೊಂಡ ವರ್ಗ. ಆ ಬೇಸಿಗೆಯ ಬಗ್ಗೆ ಮನೆಯಲ್ಲಿ ಮಾತು ನಿಂತಿತು.

ಈ ದೇಶದಲ್ಲಿ ಒಂದು ವ್ಯವಸ್ಥೆಯಿದೆ. ಕಾಣೆಯಾದವನು ಬಹುಕಾಲ ಸಿಗದಿದ್ದರೆ ಕೊರೋನರ್ ಎಂಬ ನ್ಯಾಯಾಧಿಕಾರಿ ವಿಚಾರಣೆ ನಡೆಸುತ್ತಾರೆ. ಕೆಲವು ವರ್ಷಗಳ ನಂತರ ಪಿನೊನ ವಿಚಾರಣೆ ಬಂತು. ನನ್ನನ್ನು ಪರ್ತ್‌ನ ಒಂದು ಕೊಠಡಿಯಲ್ಲಿ ವಿಡಿಯೊ ಪರದೆಯ ಮುಂದೆ ಕೂರಿಸಿ ಕೇಳಿದರು. ರೂಪಾಳೇ ಕಾರಿನಲ್ಲಿ ಕರೆದುಕೊಂಡು ಹೋದಳು. ಬೇಡ ಎನ್ನಲಿಲ್ಲ. ಪಿನೊನನ್ನು ಕೊನೆಯದಾಗಿ ಕಂಡೆನೆಂದು ಹೇಳಿದವನು ನಾನೊಬ್ಬನೇ. ಉಳಿದವರೆಲ್ಲ ಬ್ರಿಸ್ಬೇನಿನ ಮೂರು ವಾಕ್ಯಗಳನ್ನು ಹೇಳಿದರು. ಕೊರೋನರರ ತೀರ್ಪಿನಲ್ಲಿ ಅವನು ಸತ್ತಿದ್ದಾನೆ, ಕೊಂದವರು ಯಾರೆಂದು ತಿಳಿಯಲಿಲ್ಲ ಎಂದಿತ್ತು. ತಿಳಿಯಲಿಲ್ಲ ಎಂಬುದನ್ನು ನಾನು ನಂಬುವುದಿಲ್ಲ. ಆದರೆ ಆ ವಾಕ್ಯದ ಮೊದಲ ಅರ್ಧ ಸಾಕಾಗಿತ್ತು. ಸತ್ತ ಎಂಬ ಮಾತನ್ನು ಸರ್ಕಾರವೇ ಹೇಳಿತ್ತು. ಬೀದಿಯಲ್ಲಿ ಯಾರೂ ಹೇಳಬೇಕಾಗಿರಲಿಲ್ಲ.

ಈ ವರ್ಷ ಮಾರ್ಚಿಯಲ್ಲಿ ಪರಿಚಯದವರ ಗೃಹಪ್ರವೇಶಕ್ಕೆಂದು ಅಡಿಲೇಡಿಗೆ ಹೋದೆ. ಊಟವಾದ ಮೇಲೆ, ಯಾರಿಗೂ ಹೇಳದೆ, ಬಸ್ಸು ಹಿಡಿದು ಆ ಬೀದಿಗೆ ಹೋದೆ. ಕಾರ್ಮೆಲಾಳ ಹಿತ್ತಲಿಂದ ಹೊಗೆ ಏಳುತ್ತಿತ್ತು. ಪಕ್ಕದ ಗೇಟು ತೆರೆದಿತ್ತು. ಒಳಗೆ ಹಿಂದಿನಷ್ಟು ಜನರಿರಲಿಲ್ಲ. ದ್ರಾಕ್ಷಿ ಬಳ್ಳಿಯ ಕೆಳಗೆ ಕುರ್ಚಿಯಲ್ಲಿ ಮಿಕೊ ಕುಳಿತಿದ್ದ. ಕೈಗಳು ನಡುಗುತ್ತಿದ್ದವು. ಎರಡೂ ಕಣ್ಣಿನ ಮೇಲೆ ಹಾಲಿನಂಥ ಪೊರೆ. ಅವನ ಮುಂದೆ ಒಂದು ಮಣೆಯ ಮೇಲೆ ಕುಳಿತು ಕಾರ್ಮೆಲಾ ಚಮಚದಿಂದ ಅವನಿಗೆ ಉಣಿಸುತ್ತಿದ್ದಳು. ಅಡಿಯಿಂದ ಮುಡಿಯವರೆಗೆ ಕಪ್ಪು ಉಟ್ಟಿದ್ದಳು. ಹೊಸ ಕಪ್ಪು, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಎದೆಯ ಮೇಲೆ ಪಿನೊನ ಸಣ್ಣ ಭಾವಚಿತ್ರವಿದ್ದ ಬಿಲ್ಲೆ. ಆ ಮನುಷ್ಯನಿಗೆ ಕಣ್ಣಿದ್ದಿದ್ದರೆ, ಪ್ರತಿ ತುತ್ತಿಗೂ ಅದನ್ನು ನೋಡಬೇಕಾಗುತ್ತಿತ್ತು.

ನನ್ನ ಚಪ್ಪಲಿಯ ಸದ್ದಾಯಿತು. ಆಕೆ ತಲೆಯೆತ್ತಿದಳು. ನಮ್ಮ ಕಣ್ಣುಗಳು ಕೂಡಿದವು. ನನ್ನ ಬಾಯಲ್ಲಿ ಕುಶಲಪ್ರಶ್ನೆ ಸಿದ್ಧವಾಗಿತ್ತು.

ಮಿಕೊ ಚಮಚದಿಂದ ಮುಖ ತಿರುಗಿಸಿ, ಗೇಟಿನತ್ತ ಕಿವಿಗೊಟ್ಟು, ಅವರ ಭಾಷೆಯಲ್ಲಿ ಕೇಳಿದ. ಅಷ್ಟು ಭಾಷೆ ನನಗೂ ತಿಳಿಯುತ್ತದೆ.

"ಯಾರದು?"

ಕಾರ್ಮೆಲಾ ಅವನ ಗದ್ದವನ್ನು ಒರೆಸಿ, ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಮುಂದಿನ ತುತ್ತನ್ನು ಬಾಯಿಗಿಟ್ಟಳು. ಕಣ್ಣು ಮಾತ್ರ ನನ್ನ ಮೇಲೆಯೇ ಇತ್ತು.

"ಯಾರೂ ಇಲ್ಲ," ಎಂದಳು.